ಎಡ ಕಾರ್ಬ್ಯುರೇಟರಿನ ಉಸಿರು

ಜುಲೈ 9, 1972. ಭಾನುವಾರ

ಶೆಡ್ಡಿಗೆ ಕಾರು ಬಂತು. ಮಾರ್ಚ್‌ನಲ್ಲಿ ನಿವೃತ್ತರಾದಾಗಿನಿಂದ ಗೋಡೆಗೆ ಮುಖ ಮಾಡಿ ಕೂತಿದ್ದ ಇವರು ಇವತ್ತು ಎದ್ದು ಅಂಗಿಯ ತೋಳು ಮಡಿಸಿದರು. ನಾನು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.

ಬೂದಿ ಬಣ್ಣದ ಜರ್ಮನಿಯ ಕಾರು, ಆಮೆಯ ಹಾಗೆ ಗುಂಡು ಬೆನ್ನು. ಎಂಜಿನ್ ಹಿಂದುಗಡೆ ಇದೆ. ಅದಕ್ಕೆ ನೀರು ಹಾಕುವ ಹಾಗಿಲ್ಲ, ಗಾಳಿಯಿಂದಲೇ ತಣಿಯುತ್ತದೆ. ಪರದೇಶದವರು ಯಾರೋ ಊರು ಬಿಡುವಾಗ ಮಾರಿದ್ದು, ಹಾಗಾಗಿ ಸ್ಟಿಯರಿಂಗು ಎಡಗಡೆ. ಈಗಿನ ಮಾಲೀಕ ಸಿದ್ದಬಸಪ್ಪ, ದಾವಣಗೆರೆಯ ಹತ್ತಿ ವ್ಯಾಪಾರದ ಮನೆಯವರು, ಇಲ್ಲೇ ರಾಜಾಜಿನಗರ ಎರಡನೇ ಬ್ಲಾಕಿನಲ್ಲಿದ್ದಾರೆ. ಅಕ್ಟೋಬರ್ ಎಂಟಕ್ಕೆ ಮೋಟಾರು ಕ್ಲಬ್ಬಿನವರು ಬೆಟ್ಟ ಹತ್ತಿಸುವ ಪಂದ್ಯ ಇಟ್ಟಿದ್ದಾರಂತೆ.

"ಅಯ್ನೋರೆ, ಸಪಾಟು ರಸ್ತೆಯೊಳಗ ಇದು ಆನೆ. ದಿಣ್ಣೆ ಬಂತಂದ್ರ ಮುದುಕಿ. ಒಂದು ಕಾರ್ಬ್ಯುರೇಟರು ಸಾಲವಲ್ದು. ಎರಡು ತರಿಸೀನಿ, ಹಾಕಿಕೊಡ್ರಿ" ಅಂದರು. ಸೋದರಮಾವನ ಮಗ ಫ್ರಾಂಕ್‌ಫರ್ಟಿನಿಂದ ಬರುವಾಗ ಬಟ್ಟೆಯ ನಡುವೆ ಸುತ್ತಿ ತಂದ ಎರಡು ಕಾರ್ಬ್ಯುರೇಟರುಗಳನ್ನು ಮೇಜಿನ ಮೇಲಿಟ್ಟರು. "ಇದು ಚಲೋ ಹತ್ತಿತು ಅಂದ್ರ ಕ್ಲಬ್ಬಿನಾಗ ಇನ್ನೂ ನಾಕು ಕಾರು ಅದಾವು. ಎಲ್ಲಾ ನಿಮ್ಮ ಕಡೆನೇ."

ಅವರು ಗೇಟಿನ ಕಡೆ ತಿರುಗಿ ಏನೋ ಕೇಳಿದರು. ಇವರಿಗೆ ತುಟಿ ಕಾಣಲಿಲ್ಲ. "ಎಷ್ಟು ದಿನ ಹಿಡಿಯುತ್ತೆ ಅಂತ ಕೇಳ್ತಿದಾರೆ, ಆಗಸ್ಟ್ ಕೊನೆಗೆ ಆಗುತ್ತಾ?" ಅಂತ ನಾನೇ ಕೇಳುವವಳ ಹಾಗೆ ಇವರ ಮುಖ ನೋಡಿ ಕೇಳಿದೆ. "ಆಗುತ್ತೆ" ಅಂದರು. ಹನ್ನೊಂದು ವರ್ಷದಿಂದ ಹೀಗೇ ನಡೆಸಿಕೊಂಡು ಬಂದಿದ್ದೇವೆ.

ಇಪ್ಪತ್ತಾರು ವರ್ಷ ಕಾರ್ಖಾನೆಯ ಎಂಜಿನ್ ಪರೀಕ್ಷೆ ಕೋಣೆಯಲ್ಲಿ ನಿಂತು ಇವರ ಕಿವಿ ಅಲ್ಲೇ ಉಳಿಯಿತು. ಹೊರಗಿನವರಿಗೆ ಮಾತ್ರ ಇವರು ಈಗಲೂ ಕಿವಿಯಲ್ಲೇ ಎಂಜಿನ್ ಹದ ಮಾಡುವ ಏಕಾಂತಯ್ಯ. ಈ ಕಾರು ಸರಿಹೋದರೆ ನಿವೃತ್ತಿಯ ಮೇಲೂ ಇವರಿಗೊಂದು ಕೆಲಸ ಉಂಟು. ಕಿವಿಯ ವಿಷಯ ಹೊರಬಿದ್ದರೆ ಯಾರೂ ಈ ಶೆಡ್ಡಿಗೆ ಕಾರು ತರುವುದಿಲ್ಲ. ಮತ್ತೆ ಆ ಗೋಡೆ.

"ಒಪ್ಪಿಕೊಂಡಿರಲ್ಲ, ಹೇಗೆ ಮಾಡ್ತೀರಿ?" ಅಂತ ಅಡುಗೆಮನೆಯಲ್ಲಿ ಕೇಳಿದೆ.

"ಕೇಳೋಕೆ ನೀನಿದೀಯಲ್ಲೇ."

ನಾಲ್ಕು ದಿನದ ಜ್ವರ, ನೆಗಡಿ ಇವತ್ತು ಬಿಟ್ಟಿದೆ. ಎಡಗಿವಿ ಕಟ್ಟಿದಂತಿದೆ. ಬಿಡುತ್ತದೆ.

ಜುಲೈ 13, ಗುರುವಾರ

ಕಾಲೇಜಿಗೆ ಹೋದೆ. ರಗಳೆ ಓದಿಸುವಾಗ ಮುಂದಿನ ಬೆಂಚಿನ ಹುಡುಗಿ ಸಾಲಿನ ನಡುವೆ ಒಂದು ಮಾತ್ರೆ ನುಂಗಿದಳು. ನಾನು ಪುಸ್ತಕ ನೋಡುತ್ತಿರಲಿಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದೆ. ಆದರೂ ಹಿಡಿದೆ. ನಲವತ್ತೆಂಟಾದರೂ ಕಿವಿ ಇನ್ನೂ ಮೊನಚಾಗಿದೆ.

ಜುಲೈ 22, ಶನಿವಾರ

ಉಗ್ರಪ್ಪ ಬಂದಿದ್ದ. ಇವರ ಜೊತೆ ಕಾರ್ಖಾನೆಯಲ್ಲಿದ್ದು, ಬಿಟ್ಟು, ಮಾಗಡಿ ರಸ್ತೆಯಲ್ಲಿ ಲೇತ್ ಇಟ್ಟುಕೊಂಡವನು. ಕಾರ್ಬ್ಯುರೇಟರುಗಳನ್ನು ಎಂಜಿನ್ನಿನ ಮೇಲೆ ಕೂರಿಸುವ ಕೊಳವೆಗಳನ್ನು ಅವನೇ ಮಾಡಿಕೊಡುತ್ತಿದ್ದಾನೆ. ಎರಡಕ್ಕೆ ಯಾಕಿಷ್ಟು ಒದ್ದಾಟ ಅಂತ ಅವನನ್ನು ಕೇಳಿದೆ.

"ಅಮ್ಮಾವ್ರೆ, ಈ ಆಮೆ ಹೊಟ್ಟೇಲಿ ನಾಲ್ಕು ಸಿಲಿಂಡರು, ನಾಲ್ಕು ಮಕ್ಳು ಇದ್ದಂಗೆ. ಎಡಕ್ಕೆರಡು, ಬಲಕ್ಕೆರಡು. ಇಷ್ಟು ದಿನ ಮಧ್ಯದಲ್ಲಿ ಒಬ್ಬಳೇ ತಾಯಿ ಕೂತ್ಕೊಂಡು ಎರಡೂ ಕಡೆ ಕೈ ಚಾಚಿ ಬಡಿಸ್ತಿದ್ಲು. ಯಾರ ಹೊಟ್ಟೇನೂ ತುಂಬ್ತಿರ್ಲಿಲ್ಲ. ಈಗ ಯಜಮಾನ್ರು ಆ ಕಡೆಗೊಬ್ಬಳು, ಈ ಕಡೆಗೊಬ್ಬಳು ಅಂತ ಇಬ್ಬರನ್ನ ಕೂರಿಸ್ತಾವ್ರೆ. ಇಬ್ರೂ ಸಮ ಬಡಿಸಿದ್ರೆ ಗಾಡಿ ಹಾರುತ್ತೆ. ಒಬ್ಬಳು ಜಾಸ್ತಿ ಬಡಿಸಿದ್ಲೋ, ಆ ಕಡೆ ಮಕ್ಳು ಸುಟ್ಕೋತವೆ, ಈ ಕಡೆಯವು ಉಪವಾಸ."

"ಇಬ್ಬರನ್ನ ಕಟ್ಟಿಕೊಂಡೋನ ಅನುಭವ ಇದ್ದ ಹಾಗಿದೆ."

"ಅಯ್ಯೋ ಬಿಡಿ, ಒಬ್ಬಳು ಬಡಿಸಿದ್ದನ್ನೇ ತಿಂದು ಮುಗಿಸೋಕೆ ಆಗ್ತಿಲ್ಲ."

ಅವನು ಹೋದ ಮೇಲೆ ಇವರು ಹೇಳಿಕೊಟ್ಟದ್ದನ್ನು ಮರೆಯದಿರಲಿ ಅಂತ ಬರೆದಿಡುತ್ತೇನೆ. ಎಂಜಿನ್ ಓಡುವಾಗ ಪ್ರತಿ ಕಾರ್ಬ್ಯುರೇಟರಿನ ಬಾಯಿಯೂ ಪೆಟ್ರೋಲಿನ ಜೊತೆ ಬೆರೆಸಲು ಗಾಳಿ ಎಳೆಯುತ್ತದೆ. ಆ ಎಳೆತದ ಸದ್ದು ಎರಡರಲ್ಲೂ ಒಂದೇ ಆಗಿರಬೇಕು. ಇವರ ಹಳೆಯ ಕ್ರಮದಲ್ಲಿ ಒಂದೇ ರಬ್ಬರ್ ಕೊಳವೆ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮೊದಲು ಎಡದ ಬಾಯಿಗೆ, ಆಮೇಲೆ ಬಲದ ಬಾಯಿಗೆ. ಮೊದಲಿನ ಸದ್ದನ್ನು ನೆನಪಿನಲ್ಲಿಟ್ಟುಕೊಂಡು ಎರಡನೆಯದಕ್ಕೆ ಹೋಲಿಸಬೇಕು.

"ನಿಂಗೆ ಅದು ಕಷ್ಟ ಆಗುತ್ತೆ" ಅಂದು ಹಳೆಯದೊಂದು ಸ್ಟೆತೊಸ್ಕೋಪನ್ನು ಕತ್ತರಿಸಿ, ಒಂದೊಂದು ಕಿವಿಗೂ ಬೇರೆ ಬೇರೆ ಕೊಳವೆ ಬರುವ ಹಾಗೆ ಜೋಡಿಸಿದರು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. "ಎರಡನ್ನೂ ಒಟ್ಟಿಗೇ ಕೇಳು. ಸದ್ದು ತಲೆಯ ನಡುವೆ ಬಂದು ನಿಂತರೆ ಸಮ. ಒಂದು ಮಾತ್ರೆ ತಪ್ಪಿದರೆ ಹಿಡಿಯೋ ಕಿವಿ ನಿಂದು, ನಿಂಗೇನು ಕಷ್ಟ?"

ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ನನ್ನ ಛಂದಸ್ಸಿನ ಬಗ್ಗೆ ಇವರು ಆಡಿದ ಮೊದಲ ಮೆಚ್ಚುಗೆಯ ಮಾತು ಇದು.

ಜುಲೈ 30, ಭಾನುವಾರ

ಎಂಜಿನ್ ಹತ್ತಿತು. ಶೆಡ್ಡಿನ ತಗಡೆಲ್ಲ ನಡುಗಿತು. ಹಿಂದುಗಡೆ ಸ್ಟೂಲಿನ ಮೇಲೆ ಕೂತು, ಕೊಳವೆಗಳನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದೆ. ಎಂಜಿನ್ನಿನ ಗದ್ದಲವೆಲ್ಲ ಹಿಂದೆ ಸರಿದು ಬರೀ ಉಸಿರು ಉಳಿಯಿತು. ಬಲಗಡೆ ಒಂದು, ಎಡಗಡೆ ಒಂದು. ನಿದ್ದೆಯಲ್ಲಿರುವ ಯಾವುದೋ ದೊಡ್ಡ ಪ್ರಾಣಿಯ ಎರಡು ಮೂಗಿನ ಹೊಳ್ಳೆಗೆ ಕಿವಿಯಿಟ್ಟ ಹಾಗೆ.

ಎಡದ್ದು ತೀರಾ ತೆಳುವಾಗಿತ್ತು. ಎಡಗೈ ಬೆರಳೆತ್ತಿ ತೋರಿಸಿದೆ. ಇವರು ಎಳೆತ ಹೆಚ್ಚು ಕಡಿಮೆ ಮಾಡುವ ಎಡದ ಸ್ಕ್ರೂ ತಿರುಗಿಸಿದರು. ಸಾಲದು. ಇನ್ನೊಂದು ಸುತ್ತು. ಇನ್ನೂ ಸಾಲದು.

"ಬಲಕ್ಕಿಂತ ಒಂದೂವರೆ ಸುತ್ತು ಜಾಸ್ತಿ ಆಯ್ತಲ್ಲೇ" ಅಂದರು.

"ನನ್ನ ಕಿವಿ ನಂಬ್ತೀರೋ, ಸ್ಕ್ರೂ ನಂಬ್ತೀರೋ?"

ಇವರು ಎಂಜಿನ್ನಿನ ಮೇಲಿನ ತಗಡಿಗೆ ಅಂಗೈ ಒತ್ತಿ ನೋಡಿದರು. ಹುಬ್ಬು ಗಂಟಾಯಿತು. "ಎಡಗಡೆ ಸ್ವಲ್ಪ ಕುಣೀತಿದೆಯಾ?" ನಾನು ಇಲ್ಲ ಅಂತ ತಲೆಯಾಡಿಸಿದೆ. ಕೈ ತೆಗೆದು ಮತ್ತೆ ಕಾಲು ಸುತ್ತು ತಿರುಗಿಸಿದರು.

ಆಗ ಬಂತು. ಎರಡು ಉಸಿರೂ ನಡೆದು ಬಂದು ತಲೆಯ ನಡುವೆ ಒಂದಾದವು. ಪದ್ಯದ ಸಾಲು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಾಗ ಆಗುವ ನೆಮ್ಮದಿ. ಕಣ್ಣು ತೆರೆದಾಗ ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಪಟ್ಟನೆ ನಕ್ಕರು.

ಆಗಸ್ಟ್ 14, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನಿಲ್ಲಿಸಿದಾಗ ಆ ಉಸಿರು ಕೇಳಿಸಿತು. ನನ್ನದೇ ಇರಬೇಕೆಂದು ಉಸಿರು ಬಿಗಿಹಿಡಿದೆ. ಅದು ನಿಲ್ಲಲಿಲ್ಲ. ಶೆಡ್ಡಿನ ಕಡೆಯಿಂದ, ಎಡ ಕಾರ್ಬ್ಯುರೇಟರು ಎಳೆಯುವ ಹಾಗೆಯೇ, ಒಂದೇ ಸಮನೆ. ಇಷ್ಟು ಬೆಳಿಗ್ಗೆಯೇ ಇವರು ಎಂಜಿನ್ ಓಡಿಸುತ್ತಿದ್ದಾರೆ ಅಂದುಕೊಂಡೆ. ಎದ್ದು ಬಂದರೆ ಇವರು ನಡುಮನೆಯಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಿದ್ದರು.

ಇನ್ನೊಂದು ವಿಷಯ ಬರೆಯಬೇಕು. ನಮ್ಮ ಮನೆಯ ಎಡಕ್ಕೆ ಇಂದ್ರಮ್ಮನ ಮನೆ. ಬಲಕ್ಕೆ ಎಕ್ಕದ ಗಿಡ ಬೆಳೆದ ಖಾಲಿ ಸೈಟು. ಬಟ್ಟೆ ಒಣಗಿಹಾಕುವಾಗ ಆ ಸೈಟಿನಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ತಿರುಗಿದೆ. ಯಾರೂ ಇಲ್ಲ. ಮತ್ತೆ ಕರೆದರು. ಎಕ್ಕದ ಎಲೆ ಕೂಡ ಅಲುಗುತ್ತಿರಲಿಲ್ಲ. ಬೆನ್ನ ಮೇಲೆ ಕೈ ಬಿತ್ತು. ಇಂದ್ರಮ್ಮ, ಕಾಂಪೌಂಡಿನ ಮೇಲಿಂದ ಬಗ್ಗಿ.

"ಏನ್ರೀ ನೀಲಮ್ಮ, ನಾನಿಲ್ಲಿ ಗಂಟಲು ಹರ್ಕೋತಿದ್ರೆ ಆ ಖಾಲಿ ಸೈಟು ನೋಡ್ಕೊಂಡು ನಿಂತಿದೀರಲ್ಲ! ಅಲ್ಲಿ ಯಾರಿದಾರೆ?"

"ನೀವು ಕರೆದಿರಾ?"

"ನಾಲ್ಕು ಸಲ. ಕರಿಬೇವು ಬೇಕಾಗಿತ್ತು."

ಒಂದು ವಾರದಲ್ಲಿ ಇದು ಮೂರನೆಯ ಸಲ. ಇಂದ್ರಮ್ಮ ಕರೆದದ್ದು ಸರಿ. ಆದರೆ ನನಗೆ ಕೇಳಿಸಿದ್ದು ಆ ಸೈಟಿನಿಂದ. ಸಂಜೆ ನಾಲ್ಕಕ್ಕೆ ಅಲ್ಲಿಗೆ ಹೋಗಿ ನಿಂತೆ. ಯಾರದೋ ಮನೆಯ ಮುರಿದ ಒರಳುಕಲ್ಲು, ಒಂದು ಹಳೆಯ ಚಪ್ಪಲಿ. ಅಲ್ಲಿ ನಿಂತಾಗ "ನೀಲಾ" ಅಂತ ಇವರ ದನಿ, ಇನ್ನೂ ಬಲಕ್ಕೆ, ಗಿಡಗಳ ಆಚೆಯಿಂದ. ಅಲ್ಲಿ ರಸ್ತೆಯ ತನಕ ಬರೀ ಬಿಸಿಲು. ಹಿಂದಿರುಗಿ ನೋಡಿದರೆ ಇವರು ಎಡಗಡೆ, ನಮ್ಮ ಜಗಲಿಯ ಮೇಲೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ಕರೆಯುತ್ತಿದ್ದರು. ತುಟಿ ಅಲ್ಲಿ, ದನಿ ಇಲ್ಲಿ.

ಆಗಸ್ಟ್ 24, ಗುರುವಾರ

ತರಗತಿಯಲ್ಲಿ ಕೆಟ್ಟದಾಯಿತು. ಷಟ್ಪದಿಯನ್ನು ಎಲ್ಲರಿಂದ ಒಟ್ಟಿಗೆ ಹೇಳಿಸುತ್ತಿದ್ದೆ. ಎಡಗಡೆಯ ಬೆಂಚಿನವರು ಬಾಯಿ ಆಡಿಸುತ್ತಿದ್ದಾರೆ, ದನಿ ಇಲ್ಲ. ಎರಡು ಸಲ ಹೇಳಿದೆ. ಮೂರನೆಯ ಸಲ ಕೋಪ ಬಂದು, "ನನ್ನನ್ನು ಗೇಲಿ ಮಾಡ್ತಾ ಇದೀರಾ?" ಅಂದೆ. ಒಬ್ಬಳು ಎದ್ದು ನಿಂತು ಅತ್ತಳು. "ಜೋರಾಗೇ ಹೇಳ್ತಾ ಇದ್ವಿ ಮೇಡಂ." ಬಲಗಡೆಯ ಹುಡುಗಿಯರೂ ಹೌದು ಅಂದರು. ಎಲ್ಲರೂ ಸೇರಿ ಆಡಿದ ಆಟ ಇರಬೇಕು. ಈಗಿನ ಮಕ್ಕಳು.

ಮಧ್ಯಾಹ್ನ ಮನೆಗೆ ಬಂದು ಮಲಗಿದೆ. ಇತ್ತೀಚೆಗೆ ಬಲಮಗ್ಗುಲಿಗೆ ತಿರುಗಿದರೆ ಮನೆಯೇ ನಿಂತುಹೋಗುತ್ತದೆ. ಗಡಿಯಾರ, ನಲ್ಲಿ, ಕಾಗೆ, ರಸ್ತೆ, ಯಾವುದೂ ಇರುವುದಿಲ್ಲ. ಅದೊಂದೇ ಉಸಿರು ಇರುತ್ತದೆ. ಮೊದಮೊದಲು ಹೆದರಿಕೆಯಾಗುತ್ತಿತ್ತು. ಈಗ ಬೇಕೆಂದೇ ಆ ಮಗ್ಗುಲಿಗೆ ತಿರುಗುತ್ತೇನೆ.

ಎದ್ದು ಶೆಡ್ಡಿಗೆ ಹೋದೆ. ಇವರು ಉಗ್ರಪ್ಪನ ಲೇತಿಗೆ ಹೋಗಿದ್ದರು. ತಗಡಿನ ಸಂದಿಯಿಂದ ಬಿಸಿಲಿನ ಗೀಟುಗಳು ಕಾರಿನ ಬೆನ್ನ ಮೇಲೆ ಬಿದ್ದಿದ್ದವು. ಹಿಂದಿನ ಮುಚ್ಚಳ ಎತ್ತಿದೆ. ಎಂಜಿನ್ ಮುಟ್ಟಿದೆ, ತಣ್ಣಗಿತ್ತು. ಬೀಗದ ಕೈ ಇವರ ಜೇಬಿನಲ್ಲಿ. ಆದರೂ ಎಡ ಕಾರ್ಬ್ಯುರೇಟರು ಉಸಿರಾಡುತ್ತಿತ್ತು. ಅದರ ಬಾಯಿಗೆ ಅಂಗೈ ಮುಚ್ಚಿದೆ. ಎಳೆತ ಇಲ್ಲ, ಗಾಳಿ ಇಲ್ಲ. ಉಸಿರು ಮಾತ್ರ ನನ್ನ ಅಂಗೈ ದಾಟಿ ಬರುತ್ತಲೇ ಇತ್ತು.

ಬಲದ್ದಕ್ಕೂ ಕಿವಿ ಕೊಟ್ಟೆ. ಅದು ಬರೀ ಲೋಹ.

ಇವರಿಗೆ ಹೇಳಲಿಲ್ಲ. ಕಿವಿ ಕೇಳದವರಿಗೆ ಇದನ್ನು ಹೇಗೆ ಹೇಳುವುದು? ಇದು ನನಗೂ ಅದಕ್ಕೂ ಮಾತ್ರ ಇರಲಿ.

ಸೆಪ್ಟೆಂಬರ್ 3, ಭಾನುವಾರ

ನಡೆದದ್ದನ್ನೆಲ್ಲ ನಿಧಾನವಾಗಿ ಬರೆಯುತ್ತೇನೆ.

ಬೆಳಿಗ್ಗೆ ಕಾರನ್ನು ಓಡಿಸಿ ನೋಡಲು ಹೊರಟೆವು. ಮಾಗಡಿ ರಸ್ತೆ, ವಿಜಯನಗರ, ಅಲ್ಲಿಂದ ಮೈಸೂರು ರಸ್ತೆಗೆ ಬಿದ್ದು ಕೆಂಗೇರಿ. ಉಗ್ರಪ್ಪ ಸ್ಕೂಟರಿನಲ್ಲಿ ಹಿಂದೆ ಬರುತ್ತೇನೆಂದ. ಸ್ಟಿಯರಿಂಗು ಎಡಗಡೆ ಇರುವುದರಿಂದ ಇವರು ನನ್ನ ಎಡಕ್ಕೆ ಕೂತರು. ಯಾವಾಗಲೂ ನಾನು ಇವರ ಎಡಕ್ಕೆ. ಅದಲುಬದಲಾಗಿ ಕೂತದ್ದೇ ಒಂದು ತರಹ ಅನ್ನಿಸಿತು.

ನಾಯಂಡಹಳ್ಳಿ ದಾಟಿದ ಮೇಲೆ ಇವರು ವೇಗ ಕೊಟ್ಟರು. ಕಾರು ಮುಂದಕ್ಕೆ ಚಿಮ್ಮಿತು. ಇವರ ಮುಖದಲ್ಲಿ ಇಪ್ಪತ್ತು ವರ್ಷದ ಹಿಂದಿನ ಗೆಲುವು. ಏನೋ ಅಂದರು. ಬಲಕಿಟಕಿಯಿಂದ ಗಾಳಿ ಬರುತ್ತಿತ್ತು, ಕೇಳಿಸಲಿಲ್ಲ. ನಾನು ನಕ್ಕು ತಲೆಯಾಡಿಸಿದೆ. ಮತ್ತೆ ಏನೋ ಕೇಳಿದರು. ಮತ್ತೆ ತಲೆಯಾಡಿಸಿದೆ.

ಆಗ ಬಲಗಡೆ, ಹೊಲಗಳ ಆಚೆ, ಢಬ್ ಢಬ್ ಅಂತ ಸದ್ದು ಶುರುವಾಯಿತು. ಕಲ್ಲು ಸಿಡಿಸುತ್ತಿದ್ದಾರೆ ಅಂದುಕೊಂಡೆ. ವಿಚಿತ್ರವೆಂದರೆ ಆ ಸದ್ದು ಹಿಂದೆ ಉಳಿಯಲಿಲ್ಲ. ಒಂದು ಫರ್ಲಾಂಗು ಹೋದರೂ ಹೊಲದ ಅಂಚಿನಲ್ಲಿ ನಮ್ಮ ಜೊತೆಜೊತೆಗೇ ಓಡಿಬಂತು. ನಾನು ಕಿಟಕಿಯಿಂದ ಹುಡುಕುತ್ತಿದ್ದೆ. ರಾಗಿಯ ಹಸಿರು, ಒಂದು ಬಾವಿ, ಎರಡು ಎಮ್ಮೆ. ಸದ್ದು ಮಾಡುವಂಥದ್ದು ಏನೂ ಇಲ್ಲ.

ಇವರು ಮೊಣಕೈಯಿಂದ ತಿವಿದು, ಪೂರ್ತಿ ನನ್ನ ಕಡೆ ತಿರುಗಿ ಕೇಳಿದರು. "ಎಲ್ಲ ಸರಿಯಾಗಿದೆಯಾ?"

"ಸರಿಯಾಗಿದೆ" ಅಂದೆ. ನಾನೇ ಅಂದೆ.

ಕೆಂಗೇರಿಯ ದಿಣ್ಣೆಯಲ್ಲಿ ಕಾರು ಸೊರಗಿತು, ಕೆಮ್ಮಿತು, ನಿಂತಿತು. ಉಗ್ರಪ್ಪ ಸ್ಕೂಟರನ್ನು ಅಡ್ಡ ತಂದು ನಿಲ್ಲಿಸಿ ಹಾರಿಬಂದ. ಮುಖ ಕೆಂಪಾಗಿತ್ತು.

"ಎರಡು ಮೈಲಿಯಿಂದ ಹಾರನ್ ಹೊಡ್ಕೊಂಡು, ಕೂಗ್ಕೊಂಡು ಬರ್ತಾ ಇದೀನಿ! ಎಡಗಡೆ ಸೈಲೆನ್ಸರಲ್ಲಿ ಪಟಾಕಿ ಸಿಡೀತಾ ಇದೆ. ರಸ್ತೆ ಜನ ಎಲ್ಲಾ ನಿಂತು ನೋಡ್ತಾವ್ರೆ. ಒಳಗೆ ಕೂತಿರೋ ಇಬ್ಬರಿಗೂ ಕೇಳಿಸಲ್ವಾ?"

ಇವರು ಅವನ ತುಟಿ ಓದಿದರು. ಆಮೇಲೆ ನನ್ನ ಮುಖ ನೋಡಿದರು. ಆ ನೋಟವನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ಸೆಪ್ಟೆಂಬರ್ 4, ಸೋಮವಾರ

ಕಾಲೇಜಿಗೆ ರಜೆ ಹಾಕಿದೆ. ಉಗ್ರಪ್ಪ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ, ಪತ್ರಿಕೆಯ ಮೇಲೆ ಸಾಲಾಗಿ ಇಟ್ಟ. ಎಡಗಡೆಯ ಎರಡು ಬೆಂದು ಸುಣ್ಣದ ಹಾಗೆ ಬಿಳುಚಿಕೊಂಡಿದ್ದವು. ಬಲಗಡೆಯ ಎರಡರ ಮೇಲೆ ಹಣತೆಯ ಮಸಿಯಂಥ ಕಪ್ಪು. ಎಂಜಿನ್ನಿನ ಎಡ ಹೆಡ್ಡನ್ನೂ ಬಿಚ್ಚಿದರೆ, ಒಂದು ವಾಲ್ವಿನ ಅಂಚು ಕರಗಿ ತುಂಡಾಗಿತ್ತು.

"ಕಾರ್ಬ್ಯುರೇಟರು ಎರಡೂ ಚೆನ್ನಾಗಿವೆ" ಅಂದ. "ಎಡದವಳೇ ಎಲ್ಲಾ ಬಡಿಸಿದಾಳೆ. ಬಲದವಳು ಸುಮ್ನೆ ಕೂತಿದ್ಲು. ಸಮ ಮಾಡಿದೋರು ಎಡದ್ದನ್ನ ಕಡಿಮೆ ಕೇಳಿಸ್ಕೊಂಡಿದಾರೆ ಅಷ್ಟೆ." ಕೈ ಒರೆಸಿಕೊಳ್ಳುತ್ತಾ, "ಯಜಮಾನ್ರು ಮಾಡಿದ್ದಲ್ಲ ಅಂತ ನಂಗೆ ಗೊತ್ತು ಅಮ್ಮಾವ್ರೆ."

"ನಿಂಗೆ ಹೇಗೆ ಗೊತ್ತು?"

"ಯಜಮಾನ್ರಿಗೆ ಕೇಳಿಸಲ್ಲ ಅಂತ ಕಾರ್ಖಾನೇಲಿ ಇದ್ದಾಗಲೇ ಗೊತ್ತು. ಅದೂ ಗೊತ್ತಾಗ್ದೆ ಇರೋಕೆ ನಾನೇನು ಕಿವುಡನಾ?"

ಇವರು ನಗಲಿಲ್ಲ. ಸ್ಟೆತೊಸ್ಕೋಪನ್ನು ನನ್ನ ಕಿವಿಗೆ ಇಟ್ಟರು. ಕೈಗಡಿಯಾರ ಬಿಚ್ಚಿ, ಬಲ ಕೊಳವೆಯ ತುದಿಗೆ ಹಿಡಿದರು. ಟಿಕ್ ಟಿಕ್ ಟಿಕ್. ಎಡ ಕೊಳವೆಯ ತುದಿಗೆ ಹಿಡಿದರು. ಉಸಿರು.

"ಗಡಿಯಾರ ನಿಂತಿದೆ" ಅಂದೆ.

ಮತ್ತೆ ಬಲಕ್ಕೆ ಹಿಡಿದರು. ನಡೆಯುತ್ತಿತ್ತು. ಎಡಕ್ಕೆ ಹಿಡಿದರು. ನಿಂತಿತ್ತು. ಉಗ್ರಪ್ಪ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದ.

ಅಂದರೆ ಆ ಖಾಲಿ ಸೈಟಿನಲ್ಲಿ ಯಾರೂ ಇರಲಿಲ್ಲ. ಉಳಿದಿರುವುದು ಒಂದೇ ಕಿವಿಯಾದ್ದರಿಂದ ಎಲ್ಲ ಸದ್ದೂ ಬಲಗಡೆಯಿಂದಲೇ ಬರುತ್ತಿತ್ತು. ಆ ಹುಡುಗಿಯರು ಜೋರಾಗಿಯೇ ಹೇಳುತ್ತಿದ್ದರು. ಕಾರೂ ಉಸಿರಾಡುತ್ತಿರಲಿಲ್ಲ. ಇದರಿಂದ ಸಮಾಧಾನ ಆಗಬೇಕು. ಆದರೆ ಹೊರಗೆ ಯಾರೋ ಇದ್ದಾರೆ ಅನ್ನುವುದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿದೆ.

ಸೆಪ್ಟೆಂಬರ್ 6, ಬುಧವಾರ

ಬೆಳಿಗ್ಗೆ ಕಿವಿಯ ಡಾಕ್ಟರು. ಜುಲೈ ಜ್ವರದಲ್ಲಿ ನರ ಹೋಗಿದೆ, ಆ ವಾರವೇ ಬಂದಿದ್ದರೆ ನೋಡಬಹುದಿತ್ತು ಅಂದರು. ಆ ಉಸಿರು ಸತ್ತ ನರದ ಸದ್ದಂತೆ. "ಬಲಗಡೆ ಇದೇ ಸದ್ದು ಶುರುವಾದರೆ ಒಂದು ದಿನವೂ ಕಾಯಬೇಡಿ, ಆ ದಿನವೇ ಬನ್ನಿ" ಅಂದರು.

ಸಂಜೆ ಸಿದ್ದಬಸಪ್ಪ ಬಂದರು. ಬಿಚ್ಚಿ ಹರಡಿದ್ದ ಎಂಜಿನ್ ನೋಡಿ ಮುಖ ಕಪ್ಪಿಟ್ಟಿತು.

"ಏನಿದು ಅಯ್ನೋರೆ? ಪಂದ್ಯಕ್ಕ ಒಂದು ತಿಂಗಳೈತಿ! ಬೆಂಗಳೂರಿನಾಗ ನಿಮ್ಮಷ್ಟು ಚಲೋ ಕೇಳವ್ರು ಯಾರಿಲ್ಲ ಅಂತ ಕೊಟ್ಟೆ ನಾನು."

ನಾನು ಬಾಯಿ ತೆರೆಯುವ ಮೊದಲೇ ಇವರು ಮುಂದೆ ಬಂದರು. ದನಿ ಏರಬಾರದೆಂದು ಗಂಟಲ ಮೇಲೆ ಎರಡು ಬೆರಳಿಟ್ಟುಕೊಂಡು ಮಾತಾಡಿದರು.

"ನಂಗೆ ಕಿವಿ ಕೇಳಲ್ಲ. ಹನ್ನೊಂದು ವರ್ಷ ಆಯ್ತು. ಇದನ್ನ 'ಸಮ' ಅಂತ ಹೇಳಿದ್ದು ಇವಳ ಕಿವಿ. ಅದರಲ್ಲೂ ಒಂದು ಹೋಗಿದೆ ಅಂತ ಮೊನ್ನೆ ಗೊತ್ತಾಯ್ತು. ಇವಳು ಕೇಳಿದ್ದನ್ನೇ ಹೇಳಿದಾಳೆ. ತಪ್ಪು ನಂದು. ಎರಡು ಕೊಳವೆ ಕೊಟ್ಟಿದ್ದು ನಾನು."

ಸಿದ್ದಬಸಪ್ಪ ಇವರನ್ನೂ ನನ್ನನ್ನೂ ಮತ್ತೆ ಮತ್ತೆ ನೋಡಿದರು. "ಅಂದ್ರ... ಇಬ್ಬರದೂ ಕೂಡಿಸಿ ನಾಕು ಕಿವಿಯೊಳಗ ಒಂದು?"

"ಒಂದು. ನನ್ನ ಹಳೇ ಕ್ರಮಕ್ಕೆ ಬೇಕಾಗಿರೋದೂ ಒಂದೇ. ಒಂದೇ ಕಿವೀಲಿ ಎರಡನ್ನೂ ಕೇಳಿದ್ರೆ ಮೋಸ ಇಲ್ಲ. ವಾಲ್ವ್ ನಮ್ಮ ಖರ್ಚು. ಇನ್ನೊಂದು ಸಲ ಕಾರು ನಮ್ಮ ಕೈಗೆ ಬಿಡಿ."

ಅವರು ಕರಗಿದ ವಾಲ್ವನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಸಿದ್ದಬಸಪ್ಪ, "ಬೆಟ್ಟ ಹತ್ತಿತು ಅಂದ್ರ ಈ ಮಾತು ನನ್ನ ಹೊಟ್ಟಿಯೊಳಗ ಇರ್ತದ. ಹತ್ತಲಿಲ್ಲ ಅಂದ್ರ ಕ್ಲಬ್ಬಿಗೆಲ್ಲಾ ಹೇಳಾವ ನಾನು, ಸುಳ್ಳು ಯಾಕ" ಅಂದು, ಕಿಟಕಿಯ ಮೇಲಿದ್ದ ಬೀಗದ ಕೈಯನ್ನು ಅಲ್ಲೇ ಬಿಟ್ಟು ಹೋದರು.

ಹನ್ನೊಂದು ವರ್ಷ ಕಾಪಾಡಿದ ಗುಟ್ಟು. ನನಗಾಗಿ ಬಿಟ್ಟುಕೊಟ್ಟರು.

ಅಕ್ಟೋಬರ್ 1, ಭಾನುವಾರ

ತರಗತಿಯಲ್ಲಿ ಮೇಜನ್ನು ಎಡಮೂಲೆಗೆ ಸರಿಸಿಕೊಂಡಿದ್ದೇನೆ, ಹುಡುಗಿಯರೆಲ್ಲ ನನ್ನ ಬಲಕ್ಕೆ ಬರುತ್ತಾರೆ. ಈಚೆಗೆ ಅವರು ಪದ್ಯ ಹೇಳುವಾಗ ತುಟಿ ನೋಡುತ್ತೇನೆ. ತುಟಿಯಲ್ಲೂ ಲಘು ಗುರು ಚೆನ್ನಾಗಿಯೇ ತಿಳಿಯುತ್ತದೆ.

ಉಗ್ರಪ್ಪ ವಾಲ್ವ್ ಕೂರಿಸಿ ಎಂಜಿನ್ ಜೋಡಿಸಿದ. ಇವತ್ತು ಒಂದೇ ಕೊಳವೆ, ಬಲಗಿವಿಗೆ. ಎಡದ ಬಾಯಿಗಿಟ್ಟು ಹತ್ತು ಎಣಿಸುವಷ್ಟು ಹೊತ್ತು. ಬಲದ ಬಾಯಿಗಿಟ್ಟು ಹತ್ತು. ಮತ್ತೆ ಎಡ, ಮತ್ತೆ ಬಲ. ಸದ್ದು ಸಣ್ಣದಾಗಿ ಕೇಳಿಸುತ್ತಿತ್ತು, ಕೊಳವೆ ಬದಲಾಯಿಸಿದ್ದಕ್ಕೆ ಇರಬೇಕು. ಸಣ್ಣದಾದರೇನು, ಎರಡೂ ಒಂದೇ ಸಣ್ಣ. ಎರಡು ಗಂಟೆ ಹಿಡಿಯಿತು. ಮುಗಿದಾಗ ಎರಡು ಸ್ಕ್ರೂಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅಷ್ಟಷ್ಟೇ ಸುತ್ತು ತಿರುಗಿದ್ದವು.

ಇವರು ತಗಡಿನ ಮೇಲೆ ಅಂಗೈ ಇಟ್ಟರು. ತಗಡು ಅಲುಗಲಿಲ್ಲ. "ಆವತ್ತೇ ಈ ಕೈ ಹೇಳಿತ್ತು ಕಣೇ. ನಾನೇ ನಂಬಲಿಲ್ಲ."

ಅಕ್ಟೋಬರ್ 9, ಸೋಮವಾರ

ನಿನ್ನೆ ಕಾರು ಬೆಟ್ಟ ಹತ್ತಿತು. ಒಂದು ತಿರುವಿನಲ್ಲೂ ತಡವರಿಸಲಿಲ್ಲವಂತೆ, ಎರಡನೆಯ ಸ್ಥಾನ. ಇವತ್ತು ಸಂಜೆ ಸಿದ್ದಬಸಪ್ಪ ಕಾರಿಗೆ ಸೇವಂತಿಗೆ ಹಾರ ಹಾಕಿಕೊಂಡು, ಪೇಡೆ ತೆಗೆದುಕೊಂಡು ಬಂದರು. ಇವರ ಕಾಲು ಮುಟ್ಟಿದರು. ಕಿವಿಯ ವಿಷಯ ಅವರ ಹೊಟ್ಟೆಯಲ್ಲೇ ಇದೆ. ಕ್ಲಬ್ಬಿನ ನಾಲ್ಕೂ ಕಾರು ಇಲ್ಲಿಗೇ ಬರುತ್ತವೆ. ಮೊದಲನೆಯದು ಗುರುವಾರ.

ಇದನ್ನೆಲ್ಲ ಅವರು ನಿಧಾನವಾಗಿ, ನನ್ನ ಎದುರಿಗೇ ನಿಂತು ಹೇಳಿದರು. ಒಂದು ಮಾತೂ ತಪ್ಪಿಲ್ಲ, ಎಲ್ಲ ತುಟಿಯ ಮೇಲೆ ಸ್ಪಷ್ಟವಾಗಿತ್ತು.

ಶೆಡ್ಡಿನಲ್ಲಿ ಎಂಜಿನ್ ಓಡಿಸಿ ತೋರಿಸಿದರು. ಎಷ್ಟು ಮೆತ್ತಗಾಗಿದೆ ಅಂದರೆ, ನಾನು ಇನ್ನೂ ಹತ್ತಿಲ್ಲವೆಂದು ಕಾಯುತ್ತಿದ್ದೆ. ಉಗ್ರಪ್ಪ ನನ್ನ ಕೈ ಹಿಡಿದು ತಗಡಿನ ಮೇಲಿಟ್ಟ ಮೇಲೆ ಗೊತ್ತಾಯಿತು, ಓಡುತ್ತಿದೆ. ಎರಡೂ ಕಡೆ ಸಮನಾದರೆ ಸದ್ದೇ ಇರುವುದಿಲ್ಲ ಅಂತ ಇವರು ಮೊದಲೇ ಹೇಳಿದ್ದರಲ್ಲವೇ? ಹೇಳಿದ್ದರೆಂದೇ ನೆನಪು. ಹೊರಗೆ ಬಂದರೆ ಅಂಗಳವೆಲ್ಲ ಒದ್ದೆ. ನಾವು ಒಳಗಿದ್ದಾಗ ತಗಡಿನ ಮೇಲೆ ಜೋರು ಮಳೆ ಬಂದು ಹೋಗಿತ್ತು.

ಇವರು ಮುಂದಿನ ನಾಲ್ಕು ಕಾರಿಗೆ ಬೇಕಾದ ಸಾಮಾನಿನ ಪಟ್ಟಿ ಮಾಡುತ್ತಾ ಕೂತಿದ್ದಾರೆ. ಆಗಾಗ ತಲೆಯೆತ್ತಿ ನನ್ನನ್ನು ನೋಡಿ ನಗುತ್ತಾರೆ. ಆ ಗೋಡೆಯ ಹತ್ತಿರ ಈಗ ಕುರ್ಚಿಯಿಲ್ಲ.

ಬೆಳಿಗ್ಗೆಯಿಂದ ಬಲಗಡೆಯೂ ಉಸಿರು ಶುರುವಾಗಿದೆ. ಇವರಿಗೆ ಹೇಳಿಲ್ಲ. ಗುರುವಾರದ ಕಾರು ಮುಗಿಯಲಿ, ಆಮೇಲೆ ಡಾಕ್ಟರಲ್ಲಿಗೆ ಹೋದರಾಯಿತು.

ಕಣ್ಣು ಮುಚ್ಚಿ ಹೋಲಿಸಿ ನೋಡಿದೆ. ಎಡ, ಬಲ, ಮತ್ತೆ ಎಡ. ಸದ್ದು ತಲೆಯ ನಟ್ಟನಡುವೆ ಬಂದು ನಿಂತಿದೆ. ಎರಡೂ ಸಮ.